ಬಯಕೆಕಲ್ಲು

ಮರಳಬೆಟ್ಟಿನ ದಡದಲ್ಲಿ ನಿಂತು ಪಡುವಣಕ್ಕೆ ನೋಡಿದರೆ, ಅರ್ಧ ಹರದಾರಿ ದೂರದಲ್ಲಿ ಹುಲ್ಲುಕಡ್ಡಿಯೂ ಇಲ್ಲದ ಒಂದು ಬೋಳು ಬಂಡೆ ಕಾಣುತ್ತದೆ. ಅದೇ ಬಯಕೆಕಲ್ಲು. ಹೆಸರು ಕೇಳಿದ್ದೇ ತಡ, ಪರವೂರಿನವರು ಕೈಮುಗಿದು ಮಗನಿಗೆ ಕೆಲಸ, ಮಗಳಿಗೆ ಗಂಡು ಎಂದು ಬೇಡಿಕೊಳ್ಳತೊಡಗುತ್ತಾರೆ. ಬೇಡಿಕೊಳ್ಳಲಿ, ಬಂಡೆಗೇನೂ ನಷ್ಟವಿಲ್ಲ. ಆದರೆ ಆ ಹೆಸರು ಬಂದದ್ದು, ಎಂದೋ ಈಡೇರಿಹೋದ ಒಂದು ಬಯಕೆಯಿಂದ.

ಹಿಂದೆ, ಹಾಯಿದೋಣಿಗಳ ಕಾಲದಲ್ಲಿ, ಆ ಬಂಡೆಯ ತುಂಬ ರೀವ ಎಂಬ ಕಡಲಹಕ್ಕಿಗಳು ಮೊಟ್ಟೆಯಿಡುತ್ತಿದ್ದವಂತೆ. ಬಿಳಿಯ ಮೈ, ಕರಿಯ ಜುಟ್ಟು, ಹಳದಿ ಕೊಕ್ಕು. ಗೂಡು ಕಟ್ಟುವ ಗೊಡವೆಯಿಲ್ಲ. ಬರಿಗಲ್ಲಿನ ಮೇಲೆ ವರ್ಷಕ್ಕೊಂದೇ ಮೊಟ್ಟೆ. ವೈಶಾಖದ ಬಿಸಿಲಿಗೆ ಅದು ಬೇಯದಿರಲೆಂದು ತಾಯಿಹಕ್ಕಿ ಕಡಲಿಗೆ ಹೊಟ್ಟೆ ಅದ್ದಿ ಬಂದು, ಒದ್ದೆ ಗರಿಯಲ್ಲಿ ತಂಪು ಮಾಡುತ್ತಿತ್ತು. ಮೋಡ ಮುಸುಕಿ ದಡ ಕಾಣದಾದಾಗ, ಮೀನು ಕಚ್ಚಿಕೊಂಡು ಮರಿಗಳತ್ತ ಹಾರುವ ಹಕ್ಕಿಯ ಹಿಂದೆಯೇ ದೋಣಿ ತಿರುಗಿಸಿ ಗಂಡಸರು ಊರು ಸೇರುತ್ತಿದ್ದರು ಎನ್ನುತ್ತಾರೆ.

ಆಗ ಊರಲ್ಲಿದ್ದ ಹೆರಿಯ ಮರಕಾಲನೆಂಬ ಮೀನುಗಾರನ ಹೆಂಡತಿ ಬಚ್ಚಿ ಚೊಚ್ಚಲ ಬಸುರಿ. ಏಳನೆಯ ತಿಂಗಳಲ್ಲಿ ಗಂಡ, "ಎಂತ ತಿಂಬುಕೆ ಆಸಿ ಆತ್ತ್?" ಎಂದು ಕೇಳಿದ. ಅವಳು ನಾಚುತ್ತ, "ಆ ಕಲ್ಲಿನ್ ಮೇಲಿಪ್ಪು ಹಕ್ಕಿ ಮೊಟ್ಟಿ" ಎಂದಳು. ಬಸುರಿಯ ಬಯಕೆಗೆ ಇಲ್ಲವೆನ್ನುವವರುಂಟೆ? ಒಂದೆರಡು ತಂದಿದ್ದರೆ ಸಾಕಿತ್ತು. ಪ್ರೀತಿಗೆ ಅಳತೆಯೆಲ್ಲಿ! ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಹೋಗಿ, ಒಂದನ್ನೂ ಬಿಡದೆ ಬುಟ್ಟಿಗಟ್ಟಲೆ ಬಳಿದು ತಂದ. ಕೇರಿಗೆಲ್ಲ ಹಂಚಿದರು, ಬಚ್ಚಿ ಬಾಯ್ತುಂಬ ಉಂಡಳು. ಹಕ್ಕಿಗಳು ಎರಡು ದಿನ ಬಂಡೆಯನ್ನು ಸುತ್ತಿ ಕೂಗಿ, ಮೂರನೆಯ ದಿನ ಎದ್ದುಹೋದವು.

ಅದೇ ವಾರ ಒಬ್ಬನೇ ಮೀನಿಗೆ ಹೋದ ಹೆರಿಯನ ದೋಣಿಯ ಮೇಲೆ ಮೋಡ ಕವಿಯಿತು. ದಡದಲ್ಲಿ ಜನ ಶಂಖ ಊದಿದರು, ತೆಂಗಿನಗರಿಯ ಸೂಡಿ ಹೊತ್ತಿಸಿದರು. ಆಕಾಶದಲ್ಲಿ ಒಂದು ಹಕ್ಕಿಯೂ ಇಲ್ಲದ್ದನ್ನು ಕಂಡವಳು ಬಚ್ಚಿ ಒಬ್ಬಳೇ. "ಅವ್ರಿಗೆ ದಾರಿ ತೋರ್ಸುದನ್ನ ನಾನೇ ತಿಂದೆ" ಎಂದು ಅತ್ತೆಯ ಮಡಿಲಿಗೆ ಬಿದ್ದು ಅತ್ತಳು. ಹೆರಿಯ ಬರಲಿಲ್ಲ.

ಮರುವರ್ಷ ಒಂದೇ ಒಂದು ಜೋಡಿ ಬಂತು. ಬುಟ್ಟಿ ಹಿಡಿದು ಹೊರಟವರಿಗೆ ಬಚ್ಚಿ ಕೂಸನ್ನೆತ್ತಿಕೊಂಡು ಅಡ್ಡನಿಂತು, "ಮೊಟ್ಟಿ ಮುಟ್ಟಿರೆ ಅವ್ರ್ ಬಪ್ಪು ದಾರಿ ಮುಚ್ಚತ್ತ್" ಎಂದಳಂತೆ. ಆಮೇಲೆ ಯಾರಿಗೆ ಕೈ ಬಂದೀತು? ಕೂದಲು ನೆರೆಯುವ ತನಕ ಪ್ರತಿ ವೈಶಾಖ ಬಂಡೆ ಕಾದಳು. ಹಕ್ಕಿಯೊಂದು ಮೀನು ಕಚ್ಚಿ ಬಂದಾಗಲೆಲ್ಲ ಅದರ ಬೆನ್ನ ಹಿಂದೆ ಒಂದು ಹಾಯಿಯನ್ನು ಹುಡುಕುತ್ತಿದ್ದಳು.

ಈಗ ವಿಹಾರಕ್ಕೆ ಹೋದವರ ಎಂಜಲಿಗೆ ಬಂಡೆಯಲ್ಲಿ ಇಲಿಗಳಾಗಿವೆ. ಹರಿದ ನೈಲಾನ್ ಬಲೆ ಹಕ್ಕಿಗಳ ಕಾಲಿಗೆ ಸುತ್ತುತ್ತದೆ. ಹೋದ ವರ್ಷ ಇದ್ದದ್ದು ಹತ್ತೊಂಬತ್ತೇ ಮೊಟ್ಟೆ. ಆದರೂ ಊರಿನ ಬಸುರಿಯರನ್ನು ಬಯಕೆಯೂಟದ ದಿನ ಇಂದಿಗೂ ದಡಕ್ಕೆ ಕರೆತರುವುದನ್ನು ಬಂದವರು ನೋಡಬಹುದು. ಗಂಡ ಎಲ್ಲರೆದುರು, "ಎಂತ ಬೇಕ್ ನಿಂಗೆ?" ಎಂದು ಕೇಳುತ್ತಾನೆ. ಅವಳು ಬಂಡೆಯತ್ತ ನೋಡಿ, "ಎಂತದೂ ಬ್ಯಾಡ, ನೀವ್ ಮನಿಗ್ ಬಂದ್ರ್ ಸಾಕ್" ಎನ್ನುತ್ತಾಳೆ.