ಹುಲಿಗೆವ್ವ ಬಿಡಿಸಿದ ಹಳೆಯ ಪುಟಗಳ ಒಗಟು

‘ಹಳೆಯ ಎಚ್‌ಟಿಎಂಎಲ್ ಬಲ್ಲವರು ಬೇಕಾಗಿದ್ದಾರೆ. ರಾಜಕುಮಾರಿ ಪದುಮಲೆಯ ಮೂರು ಒಗಟು ಬಿಡಿಸಿದವರಿಗೆ ಅರಮನೆಯಲ್ಲಿ ಕೆಲಸ, ಜೊತೆಗೆ ಕೇಳಿದ ಬಹುಮಾನ. ಒಂದು ತಪ್ಪಿದರೂ ತಲೆದಂಡ.’

ಕೆಂಚರಸ ದೊರೆಯ ಡಂಗುರದವರು ಹೊಳೆಸಾಲು ರಾಜ್ಯದ ಊರೂರಿನಲ್ಲೂ ಹೀಗೆ ಸಾರಿದರು.

ದೊರೆ ಇಷ್ಟು ಕಠಿಣನಾಗಲು ಕಾರಣವಿತ್ತು. ಅಣೆಕಟ್ಟೆಯ ಬಾಗಿಲು ತೆರೆಯುವ ಮುನ್ನ ದಡದ ಊರುಗಳ ಫಲಕಗಳಲ್ಲಿ ಎಚ್ಚರಿಕೆ ಮೂಡುತ್ತಿತ್ತು. ಆ ಫಲಕಗಳು ತೋರಿಸುತ್ತಿದ್ದುದು ಮುದ್ದಯ್ಯನೆಂಬ ಹಿರಿಯ ಎಷ್ಟೋ ವರ್ಷಗಳ ಹಿಂದೆ ಎಚ್‌ಟಿಎಂಎಲ್ ಎಂಬ ಸಂಕೇತಭಾಷೆಯಲ್ಲಿ ಬರೆದಿಟ್ಟ ವೆಬ್ ಪುಟಗಳನ್ನು. ಮುದ್ದಯ್ಯ ತೀರಿಕೊಂಡ ಮೇಲೆ ಒಬ್ಬಾತ ತನಗೆಲ್ಲ ಗೊತ್ತೆಂದು ನಂಬಿಸಿ ಅವಕ್ಕೆ ಕೈಹಾಕಿದ. ಫಲಕಗಳೆಲ್ಲ ಬರಿದಾದವು, ಅವನು ಊರು ಬಿಟ್ಟು ಓಡಿದ. ಅತ್ತ ಗುಡ್ಡದಲ್ಲಿ ಮಳೆ ಹಿಡಿದು ಕಟ್ಟೆ ತುಂಬುತ್ತಾ ಬಂತು. ಹೊಳೆಯ ಮರಳಿನಲ್ಲಿ ಕಲ್ಲಂಗಡಿ ಬೆಳೆದವರೋ, ಬಾಗಿಲು ಯಾವಾಗ ತೆರೆಯುತ್ತದೆಂದು ತಿಳಿಯದೆ ಬಳ್ಳಿ ಬಿಟ್ಟು ಮೇಲೆ ಬರಲು ಒಪ್ಪಲಿಲ್ಲ. ಕಟ್ಟೆ ಯಾವ ಗಳಿಗೆಯಲ್ಲಿ ತುಂಬುತ್ತದೆಂದು ಮೊದಲೇ ಹೇಳಲಾಗದು, ತೆರೆದ ಮೇಲೆ ಆಳು ಕಳಿಸಿದರೆ ಆಳಿಗಿಂತ ಮೊದಲು ನೀರು ಮುಟ್ಟುತ್ತಿತ್ತು.

ಆ ಮರಳಿನ ಮೇಲೆ ಹುಲಿಗೆವ್ವನ ಅವ್ವನೂ ಇದ್ದಳು. ಹುಲಿಗೆವ್ವ ಅಂಬಿಗರ ಹುಡುಗಿ. ದೋಣಿ ಹೊರಡುವ ಹೊತ್ತನ್ನು ಜನಕ್ಕೆ ತಿಳಿಸಲು ತಾನೇ ಒಂದು ಪುಟ ಮಾಡಿಕೊಂಡಿದ್ದಳು. ಮುದ್ದಯ್ಯನ ಪುಟಗಳ ಒಳಬರಹವನ್ನು, ಅಂದರೆ ಪರದೆಯ ಹಿಂದಿರುವ ಸಂಕೇತದ ಸಾಲುಗಳನ್ನು ತೆರೆದು, ನೋಡಿ ನೋಡಿ ಕಲಿತದ್ದು ಅಷ್ಟೇ. ಡಂಗುರ ಅವಳ ಕಿವಿಗೂ ಬಿತ್ತು. ಹೋದರೆ ತನ್ನ ತಲೆ ಹೋಗಬಹುದು, ಹೋಗದಿದ್ದರೆ ಅವ್ವ ಹೋಗಬಹುದು. ಅವಳು ದೋಣಿ ಹತ್ತಿಬಿಟ್ಟಳು.

ಅರಮನೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುದ್ದಯ್ಯನ ಬಳಿ ಸ್ವಲ್ಪ ದಿನ ಕಲಿತಿದ್ದ ಪದುಮಲೆ ಜಗಲಿಯ ಮೇಲೆ ನಿಂತು ಮೊದಲ ಒಗಟು ಹೇಳಿದಳು.

‘ಜೊತೆಯಾಗಿ ಹೊರಡುವ ಅಣ್ಣತಮ್ಮಂದಿರಿದ್ದಾರೆ. ಅಣ್ಣ ಕೆಂಪು ಅಂದರೆ ಹಿಂದೆ ಬರುವವರೆಲ್ಲ ಕೆಂಪಾಗುತ್ತಾರೆ. ತಮ್ಮ ಓರೆ ಕೋಲು ಹೊತ್ತು ಬಂದು ಸಾಕು ಅನ್ನಬೇಕು. ಅವನು ಬರದಿದ್ದರೆ ಕೊನೆಯ ತನಕ ಕೆಂಪೇ. ಯಾರಿವರು?’

ರೇಷ್ಮೆ ಪೇಟದ ಪರದೇಶಿಯೊಬ್ಬ ಮುಂದೆ ಬಂದು ಸೂರ್ಯ ಚಂದ್ರರೆಂದ. ಪದುಮಲೆ ಅಲ್ಲವೆಂದು ತಲೆಯಾಡಿಸಿದಳು. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದಾಗ ಜನ ಹಿಂದೆ ಸರಿದರು. ಸರಿಯದೆ ನಿಂತವಳು ಹುಲಿಗೆವ್ವ ಒಬ್ಬಳೇ.

‘ತಾಯಿ, ಅವು ಟ್ಯಾಗುಗಳು, ಪುಟ ಹೇಗೆ ಕಾಣಬೇಕೆಂದು ಅಪ್ಪಣೆ ಕೊಡುವ ಗುರುತುಗಳು’ ಎಂದಳು. ‘ಅಣ್ಣ ತೆರೆಯುವ ಟ್ಯಾಗು, ತಮ್ಮ ಮುಚ್ಚುವ ಟ್ಯಾಗು. ಓರೆ ಕೋಲು ಅಂದರೆ ಅದರೊಳಗಿನ ಓರೆ ಗೆರೆ. ಮುಚ್ಚದೆ ಬಿಟ್ಟರೆ ಪುಟದ ಉಳಿದ ಅಕ್ಷರವೆಲ್ಲ ಕೆಂಪಾಗುತ್ತದೆ.’

ಅಂಗಳದಲ್ಲಿ ಗುಜುಗುಜು ಎದ್ದಿತು. ದೊರೆ ಕುಳಿತಲ್ಲೇ ಮುಂದಕ್ಕೆ ಬಾಗಿದ. ಪದುಮಲೆಯ ದನಿಯೂ ಚುರುಕಾಯಿತು.

‘ಒಂದು ಮನೆ. ಸಾಲು ಸಾಲು ಕೋಣೆಗಳು, ಕೋಣೆಯೊಳಗೆ ಮತ್ತೊಂದು ಮನೆ. ಗೋಡೆ ಕಣ್ಣಿಗೆ ಬೀಳುವುದಿಲ್ಲ, ಆದರೆ ಮನೆ ಕಿತ್ತರೆ ಒಳಗಿದ್ದವರು ತಮ್ಮ ತಮ್ಮ ಜಾಗ ಮರೆಯುತ್ತಾರೆ. ಏನದು?’

ಹುಲಿಗೆವ್ವ ಬಾಯಿ ತೆರೆಯುವಷ್ಟರಲ್ಲಿ ಆನೆಯ ಮೇಲೆ ಬಂದಿದ್ದ ಸಾಮಂತನ ಮಗ ಜೇನುಗೂಡೆಂದು ಕೂಗಿಬಿಟ್ಟ. ಜೇನುಗೂಡಿನ ಗೋಡೆ ಎಲ್ಲರಿಗೂ ಕಾಣುತ್ತದಲ್ಲ ಎಂದಳು ಪದುಮಲೆ. ಅವನನ್ನೂ ಒಯ್ದರು. ಆದರೂ ಹುಲಿಗೆವ್ವ ಹೇಳಿದಳು. ಅದು ಟೇಬಲ್, ಪುಟವನ್ನು ಚೌಕ ಚೌಕವಾಗಿ ಹಂಚುವ ಕೋಷ್ಟಕ. ಹಿಂದಿನವರು ಅಂಚಿನ ಗೆರೆಯನ್ನು ಸೊನ್ನೆಗಿಳಿಸಿ, ಟೇಬಲಿನೊಳಗೆ ಟೇಬಲ್ ಇಟ್ಟು, ಚಿತ್ರಕ್ಕೂ ಬರಹಕ್ಕೂ ಜಾಗ ಕಟ್ಟಿಕೊಡುತ್ತಿದ್ದರು.

ಪದುಮಲೆ ಜಗಲಿಯಿಂದ ಇಳಿದು ಅವಳೆದುರು ನಿಂತಳು.

‘ತನಗೆ ಗೊತ್ತಿಲ್ಲದ ಅಪ್ಪಣೆ ಕೇಳಿದರೆ ಸಿಟ್ಟಾಗುವುದಿಲ್ಲ, ಕೆಲಸ ನಿಲ್ಲಿಸುವುದಿಲ್ಲ. ತಿಳಿದಷ್ಟನ್ನು ಮಾಡಿ, ತಿಳಿಯದ್ದನ್ನು ಬಿಟ್ಟು ಮುಂದೆ ಹೋಗುತ್ತಾನೆ. ಯಾರವನು?’

ಹುಲಿಗೆವ್ವನಿಗೆ ಥಟ್ಟನೆ ಹೊಳೆಯಲಿಲ್ಲ. ಸಂತನೇ, ಆಳೇ, ಎತ್ತೇ? ಅತ್ತ ಸೆರೆಮನೆಯ ಬಾಗಿಲು ಕಿರ್ರೆಂದಿತು. ಆಗ ತನ್ನ ದೋಣಿಯ ಪುಟ ನೆನಪಾಯಿತು. ಮೊದಮೊದಲು ಅದರ ತುಂಬ ತಪ್ಪು ಟ್ಯಾಗುಗಳಿದ್ದವು, ಆದರೂ ದೋಣಿಯ ಹೊತ್ತು ಮಾತ್ರ ಪರದೆಯ ಮೇಲೆ ನೆಟ್ಟಗೆ ಕಂಡಿತ್ತು.

‘ಪುಟ ಓದಿ ತೋರಿಸುವ ಬ್ರೌಸರ್, ತಾಯಿ’ ಎಂದಳು. ‘ಗೊತ್ತಿಲ್ಲದ ಟ್ಯಾಗು ಬಂದರೆ ಅದನ್ನು ದಾಟಿ ಉಳಿದದ್ದನ್ನು ತೋರಿಸುತ್ತದೆ.’

ಪದುಮಲೆ ನಗುತ್ತಾ ಅವಳ ಕೈ ಹಿಡಿದು ನೇರ ಫಲಕಗಳನ್ನು ನಡೆಸುವ ಯಂತ್ರದ ಕೋಣೆಗೆ ಓಡಿದಳು. ಹುಲಿಗೆವ್ವ ಬರಿದಾದ ಪುಟದ ಒಳಬರಹ ತೆರೆದು ಬೆರಳಿಟ್ಟು ಸಾಲು ಸಾಲು ಇಳಿದಳು. ಕೊನೆಯಲ್ಲಿ ಟೇಬಲನ್ನು ಮುಚ್ಚುವ ಟ್ಯಾಗನ್ನೇ ಆ ಓಡಿಹೋದವನು ಅಳಿಸಿಬಿಟ್ಟಿದ್ದ. ಫಲಕಗಳಲ್ಲಿದ್ದುದು ಬಲು ಹಳೆಯ ಬ್ರೌಸರ್. ಬೇರೆ ತಪ್ಪುಗಳನ್ನು ಅದು ಸಹಿಸುತ್ತಿತ್ತು, ಟೇಬಲ್ ಮುಗಿಯುವವರೆಗೆ ಮಾತ್ರ ಏನನ್ನೂ ತೋರಿಸುತ್ತಿರಲಿಲ್ಲ. ಅವಳು ಆ ಟ್ಯಾಗು ಬರೆದಳು. ದಡದುದ್ದಕ್ಕೂ ಫಲಕಗಳು ಹೊತ್ತಿಕೊಂಡವು. ಮರಳಿನ ಮೇಲಿದ್ದವರೆಲ್ಲ ಕಲ್ಲಂಗಡಿ ಹೊತ್ತು ದಡ ಹತ್ತಿದರೆಂದು, ಹುಲಿಗೆವ್ವನ ಅವ್ವ ಎರಡು ಬುಟ್ಟಿ ತುಂಬಿಕೊಂಡೇ ಬಂದಳೆಂದು ಊರಿನಿಂದ ಸುದ್ದಿ ಬಂದ ಮೇಲೆ ಕಟ್ಟೆಯ ಬಾಗಿಲು ತೆರೆಯಿತು.

ಬಹುಮಾನ ಕೇಳೆಂದ ದೊರೆ. ಸೆರೆಯಲ್ಲಿರುವ ಇಬ್ಬರನ್ನು ಬಿಟ್ಟು ತನಗೆ ಕೊಡಬೇಕೆಂದಳು ಅವಳು.

‘ಅವರು ತಪ್ಪು ಹೇಳಿದವರಲ್ಲವೇ?’ ಎಂದ ದೊರೆ.

‘ನಾನೂ ಎಷ್ಟೋ ತಪ್ಪು ಬರೆದಿದ್ದೇನೆ, ದೊರೆ. ತಪ್ಪಿಗೊಂದು ತಲೆ ಹೋಗುವ ಹಾಗಿದ್ದರೆ ಇಲ್ಲಿ ಬಂದು ನಿಲ್ಲಲು ನಾನು ಉಳಿಯುತ್ತಿರಲಿಲ್ಲ. ಈ ಪುಟಗಳು ಬಹಳ ಇವೆ. ನನಗೆ ಜೊತೆ ಬೇಕು.’

ದೊರೆ ಭಟರಿಂದ ಸೆರೆಮನೆಯ ಬೀಗದ ಕೈ ತರಿಸಿದ. ಅದನ್ನು ಅವಳ ಅಂಗೈಯಲ್ಲೇ ಇಟ್ಟ. ಮರುದಿನ ಡಂಗುರದವರು ತಲೆದಂಡದ ಮಾತು ಬಿಟ್ಟು, ಕಲಿಯುವ ಆಸೆಯುಳ್ಳವರು ಯಾರಾದರೂ ಬರಬಹುದೆಂದು ಸಾರಿದರು. ರೇಷ್ಮೆ ಪೇಟದವನೂ ಸಾಮಂತನ ಮಗನೂ ಹುಲಿಗೆವ್ವನ ಎಡಬಲಕ್ಕೆ ಕೂತು ಮುದ್ದಯ್ಯನ ಪುಟಗಳನ್ನು ಒಂದೊಂದಾಗಿ ತೆರೆದರು.

ಆ ಹೊಳೆ ತಣ್ಣಗೆ ಹರಿಯಲಿ, ಕತೆ ಕೇಳಿದವರ ಮನೆಯಲ್ಲೂ ಬೆಳಕಿರಲಿ.