ನಲವತ್ತು ಪೊಟರೆಗಳ ಒಡೆಯ

ಮಕ್ಕಳೇ, ಒಂದು ಕಾಡಿನಲ್ಲಿ ತಾರೆ ಮರವೊಂದಿತ್ತು. ಅದನ್ನು ಒಂದು ಸುತ್ತು ಹಾಕುವಷ್ಟರಲ್ಲಿ ನನ್ನ ಮೀಸೆ ಎರಡು ಬೆರಳುದ್ದ ಬೆಳೆದಿತ್ತು. ಸುಳ್ಳಾದರೆ ಮೀಸೆ ಬೋಳಿಸುತ್ತೇನೆ. ಈಗ ಮೀಸೆ ಇಲ್ಲದಿರುವುದು ಬೇರೆ ಕಾರಣಕ್ಕೆ.

ಮರದ ತುಂಬ ನಲವತ್ತು ಪೊಟರೆ. ಎಲ್ಲಕ್ಕೂ ಒಡೆಯ ತುದಿಯ ಪೊಟರೆಯ ಗೂಬೆ ದೊರೆಸ್ವಾಮಿ. ಬಾಡಿಗೆಯವರು ಎದ್ದಾಗ ಅವನು ಮಲಗುತ್ತಿದ್ದ, ಅವರು ಮಲಗಿದಾಗ ಏಳುತ್ತಿದ್ದ. ಹಾಗಾಗಿ ಒಬ್ಬರ ಮುಖವನ್ನೂ ಕಂಡವನಲ್ಲ. ಅವನಿಗೆ ಬೇಕಾದದ್ದು ಒಂದೇ, ಹಗಲಿನ ನಿದ್ದೆ.

ಯಾರಾದರೂ ಸದ್ದು ಮಾಡಿದರೆ ಅವನ ಪಾರುಪತ್ಯಗಾರ, ಓತಿಕ್ಯಾತ ಓಬಯ್ಯ, ಆ ಬಾಗಿಲಿಗೆ ಹಾವಿನ ಪೊರೆ ತೂಗುಹಾಕುತ್ತಿದ್ದ. ಸಂಜೆಯೊಳಗೆ ಖಾಲಿ ಮಾಡಬೇಕು. ಸಂಜೆಗೆ ಪೊರೆ ಕಳಚಿದವನೇ ಬರುತ್ತಾನೆ. ಒಳಗಿರುವುದು ಯಾರೆಂದು ಅವನು ಕೇಳುವುದಿಲ್ಲ.

ಒಂದು ದಿನ ಗೊರವಂಕದ ಮರಿಗಳು ಚಿಲಿಪಿಲಿ ಎಂದವು.

"ಓಬಯ್ಯ, ತೂಗು," ಎಂದ ದೊರೆಸ್ವಾಮಿ, ಕಣ್ಣು ತೆರೆಯದೆ.

"ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲ ಒಡೆಯಾ. ನಾಲ್ಕು ದಿನ ಕೇಳ್ತಿದ್ದಾಳೆ ತಾಯಿ."

"ಮುಖ ನೋಡಬೇಡ. ಸದ್ದು ಬರುವ ಬಾಗಿಲು ನೋಡು."

ಓಬಯ್ಯ ತಲೆಯಾಡಿಸಿದ. ಓತಿಕ್ಯಾತಕ್ಕೆ ಇನ್ನೇನು ಗೊತ್ತು?

ಗೊರವಂಕ ಮರಿಗಳನ್ನು ಹೊತ್ತು ಪಕ್ಕದ ಮರಕ್ಕೆ ಹೋದಳು. ಅಲ್ಲಿನ ಮರಕುಟಿಗ ಕಾಳವ್ವನಿಗೆ ಇದ್ದದ್ದು ಎರಡೇ ಪೊಟರೆ, ಒಂದರಲ್ಲಿ ತಾನೇ ವಾಸ. "ಗಲಾಟೆ ನನಗೂ ಆಗಲ್ಲ ಕಣವ್ವ," ಎಂದು ಗೊಣಗಿದಳು. "ಆದರೆ ಈ ಬೋಳುತಲೆಗಳನ್ನ ನೋಡಿದ ಮೇಲೆ ಹೋಗು ಅನ್ನೋಕೆ ಬಾಯಿ ಬರುತ್ತಾ? ಒಳಗೆ ಬಾ."

ಮರುದಿನ ಮಧ್ಯಾಹ್ನ ಗಾಳಿ ಬೀಸಿತು. ಖಾಲಿ ಪೊಟರೆಯೊಳಗೆ ಯಾರೋ "ಊಂ..." ಎಂದು ಅತ್ತರು.

"ಯಾರದು?"

"ಯಾರೂ ಇಲ್ಲ ಒಡೆಯಾ, ಖಾಲಿ."

"ಹಾಗಾದರೆ ಪಕ್ಕದವರೇ. ತೂಗು."

ಪಕ್ಕದ ಅಳಿಲು ಹೋಯಿತು. ಈಗ ಅತ್ತವರು ಇಬ್ಬರು. ಗಿಳಿಗಳು ಹೋದವು, ಮಂಗಟ್ಟೆ ಹಕ್ಕಿ ಹೋಯಿತು. ವಾರದೊಳಗೆ ಇಡೀ ಮರ ಖಾಲಿ. ಮಧ್ಯಾಹ್ನವಾದರೆ ಮೂವತ್ತೊಂಬತ್ತು ಬಾಯಿಗಳು ಒಟ್ಟಿಗೆ ಅಳುತ್ತಿದ್ದವು. ಬಾಗಿಲ ಪೊರೆಗಳು ಬಿಳಿ ಕೈಗಳಂತೆ ಮೇಲೆದ್ದು ಕರೆಯುತ್ತಿದ್ದವು.

ದೊರೆಸ್ವಾಮಿಯ ಗರಿಗಳು ನೆಟ್ಟಗಾದವು. ಕಣ್ಣು ಬಿಗಿಯಾಗಿ ಮುಚ್ಚಿ, ಅಷ್ಟೂ ಅಳುವನ್ನು ಮೀರಿಸಿ ಕಿರುಚಿದ: "ಓಬಯ್ಯ, ಯಾವ ಬಾಗಿಲಲ್ಲಿ ಸದ್ದು ಜೋರೋ ಅಲ್ಲಿ ತೂಗು!"

ಓಬಯ್ಯ ಕಿವಿಗೊಟ್ಟ. ತಲೆಯಾಡಿಸಿದ. ತೂಗಿದ.

ಗೂಬೆ ಕಣ್ಣು ಬಿಟ್ಟಾಗ ಪೊರೆ ಅವನ ಬಾಗಿಲಲ್ಲೇ ಓಲಾಡುತ್ತಿತ್ತು.

"ಇದು ನನ್ನ ಪೊಟರೆ ಅಲ್ಲವೇನೋ?"

"ಮುಖ ನೋಡಬೇಡ ಅಂದವರು ನೀವೇ ಒಡೆಯಾ."

ಸಂಜೆಯಾಗುತ್ತಿತ್ತು. ಬುಡದ ಒಣ ಎಲೆಗಳಲ್ಲಿ ಏನೋ ಸರಸರ ಎಂದಿತು. "ನಾನು ಒಡೆಯ," ಎಂದು ಕೂಗಿದ ದೊರೆಸ್ವಾಮಿ. ಖಾಲಿ ಪೊಟರೆಗಳು ಅದನ್ನೇ ತಿರುಗಿ ಊಳಿಟ್ಟವು. ಸರಸರ ಮೇಲೇರುತ್ತಲೇ ಇತ್ತು.

ಅವನು ಹಾರಿಹೋದ. ಎಲ್ಲಿಗೆಂದು ನೋಡಲು ಆ ಮರದಲ್ಲಿ ಬಾಡಿಗೆಯವರು ಯಾರೂ ಉಳಿದಿರಲಿಲ್ಲ.

ನೀತಿ: ಮುಖ ನೋಡದೆ ಇನ್ನೊಬ್ಬರ ಮನೆ ಬಿಡಿಸುವವನ ಸರದಿ ಬಂದಾಗ, ಅವನ ಮುಖವನ್ನೂ ಯಾರೂ ನೋಡುವುದಿಲ್ಲ.