ಎಡಕ್ಕೆ ತಿರುಗಿದ ತಿಗರಿ

ಪೂಜ್ಯ ನಿಂಬವ್ವತಾಯಿಯವರು ಆಗ ಮಣ್ಣೇರಿಯ ಕೆರೆಯಂಚಿನ ಹುಲ್ಲುಗುಡಿಸಲಿನಲ್ಲಿ ವಾಸವಾಗಿದ್ದರು. ಒಂದು ಚಾಪೆ, ಒಂದು ನೀರಿನ ಗಡಿಗೆ, ಇಷ್ಟೇ ಅವರ ಸಂಸಾರ. ಉಪದೇಶ ಬೇಡಿ ಬಂದವರಿಗೂ ಮೊದಲು ಅಂಬಲಿಯನ್ನೇ ನೀಡುತ್ತಿದ್ದರು.

ಆ ಊರಿನ ಕುಂಬಾರ ದುರ್ಗಪ್ಪನಿಗೆ ಲಕ್ವ ಹೊಡೆದು ಬಲಗೈಯ ಶಕ್ತಿ ಉಡುಗಿತ್ತು. ಮಣ್ಣಿಗೆ ಆಸರೆಯಾಗಿ ಹಿಡಿಯಲು ಆ ಕೈ ಬರುತ್ತಿತ್ತು, ಆದರೆ ಕೋಲಿನಿಂದ ತಿಗರಿಯನ್ನು ತಿರುವಲು ಬರುತ್ತಿರಲಿಲ್ಲ. ಎರಡು ವರ್ಷ ಒದ್ದಾಡಿ ಅವನು ಎಡಗೈಗೆ ಕಸುಬು ಕಲಿಸಿದ. ಗಡಿಗೆಗಳು ಮೊದಲಿನಂತೆಯೇ ದುಂಡಗೆ ಬಂದವು. ಆದರೆ ಎಡಗೈಯಿಂದ ತಿರುವಿದ ತಿಗರಿ ಉಳಿದ ಕುಂಬಾರರ ತಿಗರಿಗೆ ವಿರುದ್ಧವಾಗಿ ಸುತ್ತುತ್ತಿತ್ತು.

ಊರಿನ ಜೋಯಿಸರಾದ ಧೋಂಡಾಚಾರ್ಯರು ಕೆಟ್ಟವರಲ್ಲ. ಆದರೆ ಬಲಕ್ಕೆ ಸುತ್ತುವುದೇ ಮಂಗಳ, ಎಡಕ್ಕೆ ಸುತ್ತುವುದು ಸಾವಿನ ಮನೆಯ ಕ್ರಮ ಎಂದು ಗಟ್ಟಿಯಾಗಿ ನಂಬಿದ್ದರು. ಅವರ ಒಂದು ಮಾತಿಗೆ ಜನರು ಮದುವೆಯ ಹಂದರದಲ್ಲಿ ಪೂಜೆಗಿಡುವ ಐರಾಣಿ ಗಡಿಗೆಗಳನ್ನು ಪರವೂರಿನಿಂದ ತರತೊಡಗಿದರು. ಆಮೇಲೆ ನೀರಿನ ಗಡಿಗೆಗೂ ಯಾರೂ ದುರ್ಗಪ್ಪನ ಬಾಗಿಲಿಗೆ ಬರಲಿಲ್ಲ.

ಒಂದು ಮುಂಜಾನೆ ಅವನು ತಾಯಿಯವರ ಮುಂದೆ ಒಂದು ಮುಚ್ಚಳವಿಟ್ಟ. "ಇದು ನನ್ನ ಕೈಯಾಂದು ಕಡೀದು, ತಾಯಿ. ನಾಳೆ ತಿಗರಿ ಮುರದು ಹಾಕ್ತೀನಿ."

ತಾಯಿಯವರು ಅವನಿಗೆ ಅಂಬಲಿ ಕೊಟ್ಟು, ಜೋಯಿಸರಿಗೆ ಹೇಳಿಕಳಿಸಿದರು.

ಧೋಂಡಾಚಾರ್ಯರು ಬಂದು ನಿಂತೇ ಮಾತಾಡಿದರು. "ಇವನ ಮ್ಯಾಲೆ ನನಗೇನೂ ಸಿಟ್ಟಿಲ್ಲ. ಊರಿಗೆ ಕೇಡಾಗಬಾರ್ದು, ಅಷ್ಟಽ."

ತಾಯಿಯವರು ದುರ್ಗಪ್ಪನಿಂದ ಮುಚ್ಚಳದ ಹಿಡಿಗೆ ದಾರ ಕಟ್ಟಿಸಿ, ಗುಡಿಸಲಿನ ಜಂತಿಯಿಂದ ಸೊಂಟದೆತ್ತರಕ್ಕೆ ತೂಗುಹಾಕಿಸಿದರು. ದಾರವನ್ನು ಚೆನ್ನಾಗಿ ಹೊಸೆದು ಬಿಟ್ಟು, ತಾವು ಅದರ ಕೆಳಗೆ ನೆಲದ ಮೇಲೆ ಕುಳಿತರು.

"ಯಾವ ಕಡೆ ತಿರುಗತೈತ್ರೀ?" ಎಂದು ಜೋಯಿಸರನ್ನು ಕೇಳಿದರು.

"ಎಡಕ್ಕ. ಅಪ್ರದಕ್ಷಿಣ."

"ನನಗ ಬಲಕ್ಕ ಕಾಣ್ತೈತಿ. ಇಲ್ಲಿ ಬಂದು ನೋಡ್ರಿ."

ಜೋಯಿಸರು ಅನುಮಾನಿಸಿದರು. ಮಡಿ ಪಂಚೆಯನ್ನು ಮೇಲೆತ್ತಿ ಕುಳಿತರು, ಕತ್ತು ಬಗ್ಗಿಸಿದರು, ಸಾಲದೆ ಕೊನೆಗೆ ಸಗಣಿ ಸಾರಿಸಿದ ನೆಲದ ಮೇಲೆ ಅಂಗಾತ ಮಲಗಿದರು. ಮುಚ್ಚಳವು ಬಲಕ್ಕೆ ಸುತ್ತುತ್ತಿತ್ತು. ಎದ್ದು ನಿಂತು ನೋಡಿದರು, ಎಡಕ್ಕೆ. ಮತ್ತೆ ಮಲಗಿದರು. ದಾರ ಇನ್ನೂ ಬಿಚ್ಚಿಕೊಳ್ಳುತ್ತಲೇ ಇತ್ತು. ನಡುವೆ ಅದು ಒಮ್ಮೆಯೂ ನಿಂತಿರಲಿಲ್ಲ.

"ತಿರಗೂದು ಒಂದಽ ಅದ ಅಲ್ಲ, ತಾಯಿ?" ಎಂದು ಮಲಗಿದಲ್ಲಿಂದಲೇ ಕೇಳಿದರು.

"ಒಂದಽ. ಎಡ ಬಲ ಅನ್ನೂದು ನೋಡವರು ಇರೋ ಜಾಗಾ. ದೇವರು ಮ್ಯಾಲಿಂದಽ ನೋಡ್ತಾನಂತ ನಿಮಗ ಯಾರು ಹೇಳಿದ್ರು, ಆಚಾರ್ರ?"

ಜೋಯಿಸರು ಮಲಗಿದಲ್ಲೇ ಕತ್ತು ಹೊರಳಿಸಿದರು. ಮೂಲೆಯಲ್ಲಿ ದುರ್ಗಪ್ಪ ತನ್ನ ಬಲಗೈಯನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. ಇಷ್ಟು ದಿನ ಅವನ ತಿಗರಿಯನ್ನು ನೋಡಿದ್ದ ಜೋಯಿಸರು ಆ ಕೈಯನ್ನು ನೋಡಿದ್ದು ಅಂದೇ. ಅವರ ಕಣ್ಣಂಚಿನಿಂದ ನೀರು ಕಿವಿಯತ್ತ ಇಳಿಯಿತು.

ಸಂಜೆಯೊಳಗೆ ಅವರು ಮದುವೆ ನಿಶ್ಚಯವಾಗಿದ್ದ ಮನೆಗಳಿಗೆಲ್ಲ ತಾವೇ ನಡೆದುಹೋದರು. "ನಾ ತಪ್ಪು ಹೇಳಿದ್ದೆ. ಐರಾಣಿ ನಮ್ಮ ದುರ್ಗಪ್ಪನ ಮನಿಯಿಂದಽ ತರ್ರಿ" ಎಂದರು.

ಒಬ್ಬ ಮುದುಕಿ ಬಿಡಲಿಲ್ಲ. "ಹಂಗಾರ ಎಡಕ್ಕ ತಿರುಗೂದು ಅಶುಭ ಅಲ್ಲೇನ್ರೀ?"

"ನನಗ ತಿಳಿದಿರಲಿಲ್ಲವ್ವಾ," ಎಂದರು ಧೋಂಡಾಚಾರ್ಯರು. "ನಾ ಒಮ್ಮೆನೂ ಕೆಳಗ ಕೂತು ನೋಡಿರಲಿಲ್ಲ."

ಮರುವಾರದ ಮದುವೆಯಲ್ಲಿ ಹಂದರದೊಳಗೆ ಇಟ್ಟಿದ್ದ ಐದು ಗಡಿಗೆಗಳೂ ದುರ್ಗಪ್ಪನವೇ. ಜೋಯಿಸರು ಮೊದಲು ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಮಂತ್ರಕ್ಕೆ ಬಾಯಿ ತೆರೆದರು.